ಅರಿವು ಮತ್ತು ವಿರತಿ: ವೈದ್ಯವಿದ್ಯಾರ್ಥಿಯ ಧರ್ಮಸಂಕಟ

ವ್ರತವೆಂದರೆ ವಿರತಿ. ಪಾಪದಿಂದ ಬುದ್ಧಿಪೂರ್ವಕವಾಗಿ ಹಿಂದೆ ಸರಿಯುವುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಮನೆಯಲ್ಲಿ ಅಕ್ಕಿ ತೀರಿದ ಕಾರಣ ಹಸಿದು ಮಲಗಿದವನಿಗೆ ಉಪವಾಸದ ಫಲವಿಲ್ಲ. ಜ್ವರ ಬಂದು ಅನ್ನ ಸೇರದವನೂ ಉಪವಾಸಿಯಲ್ಲ. ಬಿಡತಕ್ಕ ವಸ್ತು ಯಾವುದು, ಅದನ್ನು ಬಿಡುವುದೇಕೆ, ಎಷ್ಟು ಕಾಲ, ಯಾವ ಮರ್ಯಾದೆಯೊಳಗೆ ಎಂಬುದನ್ನು ತಿಳಿದು ಮಾಡಿದ ತ್ಯಾಗವೇ ಪ್ರತ್ಯಾಖ್ಯಾನ. ಆದುದರಿಂದಲೇ ಜೈನಾಚಾರ್ಯರು ಚಾರಿತ್ರಕ್ಕೆ ಮೊದಲು ಜ್ಞಾನವನ್ನೂ, ಜ್ಞಾನಕ್ಕೆ ಮೊದಲು ದರ್ಶನವನ್ನೂ ಇಟ್ಟರು.

ಈ ಮಾತು ಅಡಿಗೆಮನೆಗೆ ಎಷ್ಟು ಅನ್ವಯಿಸುವುದೋ ಆಸ್ಪತ್ರೆಗೂ ಅಷ್ಟೇ ಅನ್ವಯಿಸುತ್ತದೆ. ಇಂದು ಅನೇಕ ಶ್ರಾವಕ ಕುಟುಂಬಗಳ ಮಕ್ಕಳು ವೈದ್ಯಶಾಸ್ತ್ರವನ್ನೂ ಶುಶ್ರೂಷಾಶಾಸ್ತ್ರವನ್ನೂ ಓದುತ್ತಿದ್ದಾರೆ. ಬಾಲ್ಯದಲ್ಲಿ ಇರುವೆಯನ್ನು ತುಳಿಯದಂತೆ ನಡೆಯಲು ಕಲಿತ ಮಗಳು ಪ್ರಸೂತಿಶಾಸ್ತ್ರದ ತರಗತಿಗೆ ಬಂದಾಗ ಅವಳ ಮುಂದೆ ಒಂದು ಪಾಠ ತೆರೆದುಕೊಳ್ಳುತ್ತದೆ; ಅದು ಗರ್ಭಪಾತದ ಪಾಠ. ಅದನ್ನು ಕಲಿಯಬೇಕೆ, ಕಲಿತರೆ ಅಹಿಂಸಾಣುವ್ರತಕ್ಕೆ ಭಂಗವೇ, ಕಲಿಯದಿದ್ದರೆ ಅದು ಧರ್ಮಪಾಲನೆಯೋ ಕರ್ತವ್ಯಲೋಪವೋ ಎಂಬ ಪ್ರಶ್ನೆಯನ್ನು ಮನೆಯ ಹಿರಿಯರು ಕೇಳುವುದುಂಟು. ವಿದ್ಯಾರ್ಥಿಗಳು ತಮ್ಮಲ್ಲೇ ಕೇಳಿಕೊಳ್ಳುವುದೂ ಉಂಟು. ಈ ಪ್ರಶ್ನೆಯನ್ನು ಭಾವಾವೇಶಕ್ಕೆ ಎಡೆಗೊಡದೆ ವಿಮರ್ಶಿಸುವುದು ಉಚಿತ.

ಕಾಯಿದೆ ಮತ್ತು ಪಠ್ಯ

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. 1860ರ ಭಾರತೀಯ ದಂಡಸಂಹಿತೆಯು, ತಾಯಿಯ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಸಂದರ್ಭವನ್ನು ಬಿಟ್ಟರೆ, ಗರ್ಭಪಾತವನ್ನು ಅಪರಾಧವೆಂದು ಸಾರಿತ್ತು. ಹಾಗಿದ್ದರೂ ಗರ್ಭಪಾತಗಳು ನಿಲ್ಲಲಿಲ್ಲ. ಮರೆಯಲ್ಲಿ, ಅಶುದ್ಧ ಉಪಕರಣಗಳಿಂದ, ತಿಳಿವಳಿಕೆಯಿಲ್ಲದ ಕೈಗಳಿಂದ ನಡೆದವು. ಈ ಸ್ಥಿತಿಯನ್ನು ಪರಿಶೀಲಿಸಲು 1964ರಲ್ಲಿ ಶಾಂತಿಲಾಲ್ ಶಾಹ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚಿತವಾಯಿತು. 1966ರಲ್ಲಿ ಸಲ್ಲಿಸಿದ ಅದರ ವರದಿಯ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಅಂಗೀಕೃತವಾಗಿ, 1972ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ತಾಯಿಯ ಪ್ರಾಣಕ್ಕೆ ಅಪಾಯ, ಅವಳ ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ, ಶಿಶುವಿನ ತೀವ್ರ ವೈಕಲ್ಯ, ಬಲಾತ್ಕಾರ, ಗರ್ಭನಿರೋಧಕದ ವೈಫಲ್ಯ ಇವು ಕಾಯಿದೆ ಒಪ್ಪುವ ಕಾರಣಗಳು. 2021ರ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ನಿಯಮಗಳು ಹೇಳಿದ ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ.

ಈ ಕೆಲಸವನ್ನು ಯಾರು ಮಾಡಬಹುದೆಂಬುದನ್ನೂ ನಿಯಮಗಳು ಹೇಳುತ್ತವೆ. ಸ್ತ್ರೀರೋಗ ಮತ್ತು ಪ್ರಸೂತಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯಿಲ್ಲದ ವೈದ್ಯನು 12 ವಾರಗಳೊಳಗಿನ ಗರ್ಭವನ್ನು ಮುಕ್ತಾಯಗೊಳಿಸುವ ಅರ್ಹತೆ ಪಡೆಯಲು ಇರುವ ಮಾರ್ಗಗಳಲ್ಲಿ ಒಂದು ಇದು: ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ 25 ಪ್ರಕರಣಗಳಲ್ಲಿ ನೆರವಾಗಿ, ಅವುಗಳಲ್ಲಿ ಐದನ್ನಾದರೂ ಸ್ವತಂತ್ರವಾಗಿ ನಿರ್ವಹಿಸಿರಬೇಕು. ಎಂ.ಬಿ.ಬಿ.ಎಸ್. ಓದುವವರ ಪಠ್ಯ ಇಷ್ಟು ದೂರ ಹೋಗುವುದಿಲ್ಲ. 2019ರಿಂದ ಜಾರಿಗೆ ಬಂದ ಪಠ್ಯಕ್ರಮವು ಗರ್ಭಪಾತದ ಕಾರಣಗಳನ್ನೂ, ಕಾನೂನನ್ನೂ, ತೊಡಕುಗಳನ್ನೂ ತಿಳಿಯಬೇಕೆಂದು ವಿಧಿಸುತ್ತದೆ. ಸಾಮಾನ್ಯ ಪದವಿಯ ವಿದ್ಯಾರ್ಥಿಯ ಮುಂದೆ ಬರುವುದು ಮುಖ್ಯವಾಗಿ ಜ್ಞಾನದ ಪ್ರಶ್ನೆ. ಕೃತಿಯ ಪ್ರಶ್ನೆ ಹೆಚ್ಚಾಗಿ ಎದುರಾಗುವುದು ಸ್ನಾತಕೋತ್ತರ ವ್ಯಾಸಂಗದಲ್ಲಿ.

ವಿದ್ಯಾರ್ಥಿಗಳ ಮನೋಭಾವ ಹೇಗಿದೆ? ಮಹಾರಾಷ್ಟ್ರದ ಸುಮಾರು 2000 ವೈದ್ಯಕೀಯ ಇಂಟರ್ನ್‌ಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಫಲಿತಾಂಶ ಗಮನಾರ್ಹವಾಗಿದೆ. ಅವರಲ್ಲಿ ಹತ್ತಿರಹತ್ತಿರ ಕಾಲುಭಾಗದಷ್ಟು ಮಂದಿ ಗರ್ಭಪಾತವು ನೈತಿಕವಾಗಿ ತಪ್ಪೆಂದರು. ನಾಲ್ಕರಲ್ಲಿ ಒಂದು ಭಾಗ ಮಂದಿ, ಗರ್ಭಪಾತಕ್ಕೆ ಪತಿಯ ಒಪ್ಪಿಗೆ ಬೇಕೇಬೇಕೆಂದು ತಪ್ಪಾಗಿ ನಂಬಿದ್ದರು. ಪ್ರಾಪ್ತವಯಸ್ಕ ಸ್ತ್ರೀಯ ವಿಷಯದಲ್ಲಿ ಕಾಯಿದೆ ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು ಮಾತ್ರ. ಬಹುಪಾಲು ಮಂದಿ ತಮ್ಮ ತಿಳಿವಳಿಕೆ ಚೆನ್ನಾಗಿದೆ ಎಂದುಕೊಂಡಿದ್ದರೂ ಗರ್ಭಪಾತದ ಶುಶ್ರೂಷೆಯಲ್ಲಿ ಪ್ರತ್ಯಕ್ಷ ಅಭ್ಯಾಸವಿದ್ದವರು ನೂರಕ್ಕೆ 13 ಮಂದಿ ಮಾತ್ರ. ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ತಪ್ಪೆಂದು ಭಾವಿಸುವುದು ಅಂತಃಕರಣದ ವಿಷಯ. ಅದಕ್ಕೆ ಗೌರವ ಸಲ್ಲಬೇಕು. ಕಾನೂನನ್ನೂ ವಿಧಾನವನ್ನೂ ಅರಿಯದಿರುವುದು ಅಜ್ಞಾನ. ಅದಕ್ಕೆ ಅಂತಃಕರಣವೆಂಬ ಹೆಸರು ಸಲ್ಲದು.

ಗರ್ಭಸ್ಥ ಜೀವದ ವಿಷಯ

ಜೈನದರ್ಶನದ ನಿಲುವನ್ನು ಮೃದುಗೊಳಿಸಿ ಹೇಳುವುದರಿಂದ ಪ್ರಯೋಜನವಿಲ್ಲ. ಗರ್ಭದಲ್ಲಿ ಜೀವವು ಜನ್ಮಾರಂಭದಿಂದಲೇ ಇದೆ. ಮನುಷ್ಯಗರ್ಭದಲ್ಲಿರುವುದು ಪಂಚೇಂದ್ರಿಯ ಜೀವ. ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ತಾಯಿಯು ಹದಿನಾರು ಸ್ವಪ್ನಗಳನ್ನು ಕಾಣುವ ಆ ಪ್ರಸಂಗವನ್ನು ಪ್ರತಿ ಪ್ರತಿಷ್ಠಾ ಮಹೋತ್ಸವದಲ್ಲಿಯೂ ಆಚರಿಸುವ ಸಮಾಜಕ್ಕೆ, ಗರ್ಭಸ್ಥ ಜೀವವು ಕೇವಲ ಮಾಂಸಪಿಂಡವೆಂಬ ಮಾತು ರುಚಿಸಲಾರದು.

ವೈದ್ಯಪ್ರಪಂಚವೂ ಈ ವಿಷಯದಲ್ಲಿ ಒಂದೇ ಮಾತಿನಲ್ಲಿ ನಿಂತಿಲ್ಲ. ವಿಶ್ವ ವೈದ್ಯಸಂಘವು 1948ರಲ್ಲಿ ರೂಪಿಸಿದ ಜಿನೀವಾ ಪ್ರತಿಜ್ಞೆಯಲ್ಲಿ, ಗರ್ಭಧಾರಣೆಯ ಕಾಲದಿಂದಲೇ ಮನುಷ್ಯಜೀವವನ್ನು ಗೌರವಿಸುವ ಸಂಕಲ್ಪವಿತ್ತು. 1983ರಲ್ಲಿ ಅದು ಜೀವದ ಆರಂಭದಿಂದ ಎಂಬ ಅರ್ಥಕ್ಕೆ ಬದಲಾಯಿತು. 2005ರಲ್ಲಿ ಆ ಕಾಲಸೂಚನೆಯೇ ಬಿಟ್ಟುಹೋಯಿತು. ಪ್ರತಿಜ್ಞೆಯ ವಾಕ್ಯ ಬದಲಾಗಬಹುದು. ಅದರಿಂದ ಜೀವದ ಸ್ವರೂಪ ಬದಲಾಗದು.

ಆದರೆ ಹಿಂಸೆಯ ಲಕ್ಷಣವನ್ನು ನಿರ್ಣಯಿಸುವಾಗ ಆಚಾರ್ಯರು ಪ್ರಾಣಘಾತವನ್ನಷ್ಟೇ ನೋಡಲಿಲ್ಲ. ಪ್ರಮಾದ ಮತ್ತು ಕಷಾಯಗಳ ಯೋಗದಿಂದ ಆದ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವೂ ಪುರುಷಾರ್ಥಸಿದ್ಧ್ಯುಪಾಯವೂ ನಿರೂಪಿಸುತ್ತವೆ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಪಾದದ ಕೆಳಗೆ ಅರಿಯದೆ ಕೀಟವೊಂದು ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ ಕೀಟ ಸಾಯದಿದ್ದರೂ ಬಂಧ ತಪ್ಪದು. ಬಲೆ ಹಿಡಿದು ಕುಳಿತ ಬೆಸ್ತನಿಗೆ ಮೀನು ಸಿಗದಿದ್ದರೂ ಪಾಪ, ಉಳುವ ಒಕ್ಕಲಿಗನಿಗೆ ಜೀವಗಳು ಸತ್ತರೂ ಅಷ್ಟು ಪಾಪವಿಲ್ಲ ಎಂಬ ಉದಾಹರಣೆ ಪ್ರಸಿದ್ಧವೇ ಆಗಿದೆ. ಜನ್ನನ ಯಶೋಧರಚರಿತೆಯ ಹಿಟ್ಟಿನ ಕೋಳಿಯನ್ನು ಕನ್ನಡದ ಜೈನಮನೆಗಳು ಮರೆಯುವಂತಿಲ್ಲ. ಅಲ್ಲಿ ಪ್ರಾಣವೇ ಇಲ್ಲದ ಹಿಟ್ಟಿನ ಮೇಲೆ ಕತ್ತಿ ಬಿದ್ದರೂ ಸಂಕಲ್ಪವು ಜನ್ಮಜನ್ಮಾಂತರಗಳ ದುಃಖವನ್ನು ತಂದಿತು.

ಆದಕಾರಣ ವಿಮರ್ಶೆಯ ಮಾನದಂಡಗಳು ಎರಡು. ಮನಸ್ಸಿನ ಸಂಕಲ್ಪ ಏನು? ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಲ್ಲಿ ಯಾವುದು ತೆರೆದಿದೆ?

ಕಲಿಕೆ ಅನುಮೋದನೆಯೇ?

ಗರ್ಭಪಾತದ ವಿಧಾನವನ್ನು ಓದುವವನು ಅದನ್ನು ಮಾಡುತ್ತಿಲ್ಲ, ಮಾಡಿಸುತ್ತಿಲ್ಲ. ಅನುಮೋದಿಸುತ್ತಿರುವನೇ? ವಿಷಗಳ ಲಕ್ಷಣವನ್ನು ಕಲಿತ ವೈದ್ಯನು ವಿಷಪ್ರಯೋಗವನ್ನು ಅನುಮೋದಿಸಿದಂತಾಗುವುದಿಲ್ಲ. ನರಕದ ದುಃಖಗಳನ್ನು ವರ್ಣಿಸುವ ಶಾಸ್ತ್ರವನ್ನು ಸ್ವಾಧ್ಯಾಯ ಮಾಡುವವರು ಆ ದುಃಖಗಳನ್ನು ಬಯಸುವುದಿಲ್ಲ. ಜ್ಞಾನವು ಸ್ವತಃ ಹಿಂಸೆಯಲ್ಲ.

ಇದಕ್ಕಿಂತ ಬಲವಾದ ಕಾರಣವೊಂದುಂಟು. ಗರ್ಭಪಾತದ ತರಬೇತಿ ಎಂದು ಕರೆಯಲ್ಪಡುವ ವಿದ್ಯೆಯನ್ನು ಜೀವರಕ್ಷಣೆಯ ವಿದ್ಯೆಯಿಂದ ಕತ್ತರಿಸಿ ಬೇರೆಮಾಡಲಾಗದು. ತಾನಾಗಿಯೇ ಗರ್ಭಸ್ರಾವವಾಗಿ ಅರ್ಧಭಾಗ ಒಳಗೇ ಉಳಿದು ರಕ್ತ ಹರಿಯುತ್ತಿರುವ ತಾಯಿಗೆ ಗರ್ಭಕೋಶವನ್ನು ಬರಿದುಮಾಡುವ ಕ್ರಮವೂ, ಬೇಡವಾದ ಗರ್ಭವನ್ನು ತೆಗೆಯುವ ಕ್ರಮವೂ ಒಂದೇ, ಉಪಕರಣವೂ ಒಂದೇ. ಶಿಶುವು ಗರ್ಭದಲ್ಲೇ ಮೃತವಾಗಿರುವಾಗಲೂ ಈ ಕೌಶಲವೇ ಬೇಕು. ಗರ್ಭಪಾತಕ್ಕೆ ಬಳಸುವ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯೇ ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲೂ ಉಪಯೋಗಕ್ಕೆ ಬರುತ್ತದೆ. ಈ ಪಾಠದ ದಿನ ಎದ್ದು ಹೊರಗೆ ಹೋದ ವಿದ್ಯಾರ್ಥಿಯು, ಮುಂದೊಂದು ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಸ್ರಾವದಿಂದ ಬಿಳಿಚಿಕೊಂಡು ಬಂದ ತಾಯಿಯ ಮುಂದೆ ಕೈಕಟ್ಟಿ ನಿಲ್ಲಬೇಕಾದೀತು. ಆ ತಾಯಿಯೂ ಪಂಚೇಂದ್ರಿಯ ಜೀವವೇ.

ಇದಕ್ಕೊಂದು ಆಕ್ಷೇಪವಿದೆ. ಇಂದು ಮಾತ್ರೆಗಳಿಂದಲೇ ಬಹುಪಾಲು ಗರ್ಭಪಾತಗಳು ಆಗುತ್ತಿರುವಾಗ ವೈದ್ಯನ ಕೌಶಲದ ಮಾತೇಕೆ ಎಂದು ಕೇಳಬಹುದು. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ಆದುವೆಂದೂ, ಅವುಗಳಲ್ಲಿ ಸುಮಾರು ನೂರಕ್ಕೆ 73ರಷ್ಟು ಆಸ್ಪತ್ರೆಗಳ ಹೊರಗೆ ಮಾತ್ರೆಗಳಿಂದ ಆದುವೆಂದೂ 2018ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಈ ಅಂಕಿಗಳು ಆಕ್ಷೇಪಕ್ಕೆ ಉತ್ತರವನ್ನೇ ಕೊಡುತ್ತವೆ. ಔಷಧದಂಗಡಿಯಿಂದ ಮಾತ್ರೆ ತಂದು ನುಂಗಿ, ರಕ್ತ ನಿಲ್ಲದೆ ಹೆದರಿ, ಯಾರಿಗೂ ಹೇಳಲಾರದೆ ಬರುವ ಹೆಣ್ಣುಮಗಳನ್ನು ನೋಡಿಕೊಳ್ಳುವವರು ಆ ಮಾತ್ರೆಗಳ ಗತಿಯನ್ನು ಅರಿತಿರಬೇಕಲ್ಲವೇ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನ ಮಾಡುವವನು ರೋಗಿಯ ಪೂರ್ವಚರಿತ್ರೆಯನ್ನು ಶಿಕ್ಷಿಸಲು ಕುಳಿತವನಲ್ಲ.

ಐರ್ಲೆಂಡಿನಲ್ಲಿ ನಡೆದದ್ದು

ಬೆಳಗಾವಿಯ ಮಗಳಾದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರ ಮರಣವು ಈ ವಿಷಯದಲ್ಲಿ ಮರೆಯಲಾಗದ ಉದಾಹರಣೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ನಗರದಲ್ಲಿ, 17 ವಾರಗಳ ಗರ್ಭಿಣಿಯಾಗಿದ್ದ ಅವರಿಗೆ ಗರ್ಭಸ್ರಾವ ಆರಂಭವಾಯಿತು. ಶಿಶು ಉಳಿಯುವ ಸಂಭವವಿರಲಿಲ್ಲ. ಗರ್ಭವನ್ನು ಮುಕ್ತಾಯಗೊಳಿಸಬೇಕೆಂದು ದಂಪತಿಗಳು ಕೇಳಿಕೊಂಡರೂ, ಶಿಶುವಿನ ಹೃದಯ ಮಿಡಿಯುತ್ತಿರುವವರೆಗೆ ಸಾಧ್ಯವಿಲ್ಲವೆಂಬ ಉತ್ತರ ಬಂದಿತು. ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹೃದಯದ ಮಿಡಿತ ನಿಲ್ಲುವುದನ್ನು ಕಾಯುವುದಕ್ಕೆ ಅತಿಯಾದ ಗಮನವೂ, ತಾಯಿಗೆ ಏರುತ್ತಿದ್ದ ಸೋಂಕಿನ ಕಡೆಗೆ ಕಡಿಮೆ ಗಮನವೂ ಇದ್ದುವೆಂದು 2013ರ ತನಿಖಾ ವರದಿ ಹೇಳಿತು. 2018ರ ಮೇ 25ರಂದು ಆ ದೇಶದ ಜನತೆ ಮತ ಹಾಕಿ, ಗರ್ಭಪಾತವನ್ನು ತಡೆದಿದ್ದ ಸಂವಿಧಾನದ ವಿಧಿಯನ್ನು ನೂರಕ್ಕೆ 66.4ರ ಬಹುಮತದಿಂದ ತೆಗೆದುಹಾಕಿದರು.

ಆ ಶಿಶುವನ್ನು ಉಳಿಸುವ ಮಾರ್ಗವೇ ಇರಲಿಲ್ಲ. ತಾಯಿಯನ್ನು ಉಳಿಸುವ ಮಾರ್ಗವಿತ್ತು. ಇಂಥ ಪ್ರಸಂಗದಲ್ಲಿ ವೈದ್ಯನ ಕೈ ಮುಂದುವರಿದರೆ ಅವನ ಸಂಕಲ್ಪ ತಾಯಿಯ ರಕ್ಷಣೆ. ಶಿಶುವಿನ ವಧೆ ಆ ಸಂಕಲ್ಪದ ವಿಷಯವಲ್ಲ. ಕೈ ಹಿಂಜರಿದರೆ ಎರಡು ಜೀವಗಳ ನಾಶಕ್ಕೆ ಪ್ರಮಾದವೇ ಕಾರಣವಾದೀತು. ಏನನ್ನೂ ಮಾಡದಿರುವುದು ಯಾವಾಗಲೂ ಅಹಿಂಸೆಯಾಗದು. ಆಶ್ರಿತರಿಗೆ ಅನ್ನಪಾನಗಳನ್ನು ತಡೆಯುವುದನ್ನು ಅಹಿಂಸಾಣುವ್ರತದ ಅತಿಚಾರವೆಂದು ಎಣಿಸಿದ ಶಾಸ್ತ್ರವು, ಕೊಡತಕ್ಕದ್ದನ್ನು ಕೊಡದಿರುವುದರಲ್ಲಿಯೂ ದೋಷವನ್ನು ಕಂಡಿದೆ.

ಕಠಿಣವಾದ ಭಾಗ

ಪ್ರಾಣರಕ್ಷಣೆಯ ಪ್ರಸಂಗ ಇಷ್ಟರಮಟ್ಟಿಗೆ ಸ್ಪಷ್ಟ. ಆದರೆ ತಾಯಿಯ ಪ್ರಾಣಕ್ಕೆ ಅಪಾಯವಿಲ್ಲದೆ, ಕಾಯಿದೆ ಒಪ್ಪಿದ ಇತರ ಕಾರಣಗಳಿಗಾಗಿ ನಡೆಯುವ ಗರ್ಭಪಾತದ ವಿಷಯವೇನು? ವೈದ್ಯವೃತ್ತಿಯೂ ಒಂದು ಉದ್ಯೋಗವಾದ್ದರಿಂದ ಇದನ್ನು ಉದ್ಯೋಗೀ ಹಿಂಸೆಯಲ್ಲಿ ಸೇರಿಸಿ ಸಮಾಧಾನ ಪಡೆಯುವವರಿದ್ದಾರೆ. ಇದು ಸರಿತೋರುವುದಿಲ್ಲ. ಒಕ್ಕಲಿಗನ ಉದ್ದೇಶ ಬೆಳೆ. ಹುಳುವಿನ ಸಾವು ಅವನ ಉದ್ದೇಶವಲ್ಲ. ಇಲ್ಲಿ ಗರ್ಭದ ಮುಕ್ತಾಯವೇ ಕ್ರಿಯೆಯ ವಿಷಯವಾಗಿದೆ. ವಿರೋಧೀ ಹಿಂಸೆಯೆನ್ನುವುದೂ ಸಲ್ಲದು; ಗರ್ಭಸ್ಥ ಶಿಶು ಯಾರಿಗೂ ಶತ್ರುವಲ್ಲ. ಅಣುವ್ರತಿಯಾದ ವೈದ್ಯೆಯು ಇಲ್ಲಿ ತಡೆದು ನಿಂತರೆ ಅದಕ್ಕೆ ಶಾಸ್ತ್ರದ ಆಧಾರವಿದೆ.

ಆದರೆ ಈ ತಡೆಗೆ ಬೆಲೆ ಕೊಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಬ್ರಿಟನ್ನಿನ 1967ರ ಗರ್ಭಪಾತ ಕಾಯಿದೆಯು ಅಂತಃಕರಣದ ಆಕ್ಷೇಪವುಳ್ಳವರಿಗೆ ಭಾಗವಹಿಸದಿರುವ ಹಕ್ಕನ್ನು ಕೊಟ್ಟು, ತಾಯಿಯ ಪ್ರಾಣರಕ್ಷಣೆಯ ಸಂದರ್ಭವನ್ನು ಅದರಿಂದ ಹೊರಗಿಟ್ಟಿದೆ. ಭಾರತದ 1971ರ ಕಾಯಿದೆಯಲ್ಲಿ ಅಂಥ ವಿಧಿಯಿಲ್ಲ. ಮೇಲಾಗಿ ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಾವಳಿಯು, ವೈದ್ಯಕೀಯ ಕಾರಣವಿರುವಾಗ ಕೇವಲ ಧಾರ್ಮಿಕ ಕಾರಣದಿಂದ ಗರ್ಭಪಾತಕ್ಕೆ ನೆರವು ನಿರಾಕರಿಸಕೂಡದೆಂದು ಹೇಳುತ್ತದೆ. ತನಗೆ ಆ ಸಾಮರ್ಥ್ಯವಿಲ್ಲವೆಂದು ಭಾವಿಸುವವರಿಗೆ ಮಾತ್ರ ವಿನಾಯಿತಿಯಿದೆ. ಇಲ್ಲಿ ಒಂದು ಸೂಕ್ಷ್ಮವಾದ ಪ್ರಲೋಭನೆ ಅಡಗಿದೆ. ಸಾಮರ್ಥ್ಯವಿಲ್ಲದವರಿಗೆ ವಿನಾಯಿತಿಯಿರುವುದರಿಂದ ಬೇಕೆಂದೇ ಕಲಿಯದೆ ಉಳಿದುಬಿಡೋಣವೆಂದು ವಿದ್ಯಾರ್ಥಿಗೆ ತೋರಬಹುದು. ಅಜ್ಞಾನವನ್ನು ಗುರಾಣಿಯಾಗಿ ಹಿಡಿದು ವ್ರತವನ್ನು ಕಾಪಾಡಿಕೊಳ್ಳುವುದು ಅಹಿಂಸೆಯ ಹೆಸರಿನಲ್ಲಿ ಸತ್ಯವ್ರತವನ್ನು ಮುರಿದಂತೆ.

ಪ್ರಾಮಾಣಿಕವಾದ ಮಾರ್ಗ ಬೇರೆಯಿದೆ. ರಾತ್ರಿಭೋಜನ ತ್ಯಾಗ ಮಾಡಿದವನು ಪ್ರಯಾಣಕ್ಕೆ ಹೊರಡುವ ಮೊದಲೇ ಊಟದ ಹೊತ್ತನ್ನು ಯೋಚಿಸುತ್ತಾನೆ. ಸೂರ್ಯಾಸ್ತವಾದ ಮೇಲೆ ಉಣಬಡಿಸಲು ಬಂದ ಮನೆಯವರ ಮೇಲೆ ಸಿಡುಕುವುದಿಲ್ಲ. ಹಾಗೆಯೇ ಈ ಕಾರ್ಯವನ್ನು ತನ್ನ ಕೈಯಿಂದ ಮಾಡಲಾರೆನೆಂಬ ವಿದ್ಯಾರ್ಥಿಯು ಸ್ನಾತಕೋತ್ತರ ಶಾಖೆಯನ್ನು ಆರಿಸುವಾಗಲೇ ಯೋಚಿಸಬೇಕು. ನೇತ್ರ, ಮೂಳೆ, ಮಕ್ಕಳ ಚಿಕಿತ್ಸೆ ಮೊದಲಾದ ಶಾಖೆಗಳು ಹಲವಿವೆ. ಸಂಕಟದಲ್ಲಿರುವ ಸ್ತ್ರೀಯು ಮೇಜಿನ ಮುಂದೆ ಬಂದು ಕುಳಿತ ಮೇಲೆ ವ್ರತವನ್ನು ನೆನಪಿಸಿಕೊಂಡು, ಅವಳನ್ನು ಬರಿಗೈಯಲ್ಲಿ ಕಳುಹಿಸಿದರೆ, ತನ್ನ ತ್ಯಾಗದ ಭಾರವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸಿದಂತಾಗುತ್ತದೆ.

ಇದರ ವಿರುದ್ಧವೂ ಮಾತಿದೆ. ಕರುಣೆಯುಳ್ಳವರೆಲ್ಲ ಹೀಗೆ ಪ್ರಸೂತಿಶಾಸ್ತ್ರವನ್ನು ಬಿಟ್ಟರೆ ಬಲಾತ್ಕಾರಕ್ಕೊಳಗಾದ ಬಾಲೆಯೂ, ದಿಕ್ಕಿಲ್ಲದ ತಾಯಿಯೂ ಯಾರ ಕೈಗೆ ಸಿಕ್ಕಬೇಕು ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಕ್ಷುಲ್ಲಕವಲ್ಲ. ಅದನ್ನು ಮನಸ್ಸಿಗೆ ತಂದುಕೊಂಡು ಆ ಶಾಖೆಯಲ್ಲಿಯೇ ಉಳಿದ ವೈದ್ಯೆಯನ್ನು ಸಮಾಜವು ಪಾಪಿಯೆಂದು ತಳ್ಳಲಾಗದು. ಅವಳು ಮಾಡಬೇಕಾದುದು ಇಷ್ಟು: ಅಭ್ಯಾಸದಿಂದ ಕೈ ಪಳಗಿದಂತೆ ಮನಸ್ಸು ಜಡವಾಗದಿರಲಿ, ಆಲೋಚನೆ, ಪ್ರತಿಕ್ರಮಣಗಳು ತಪ್ಪದಿರಲಿ, ಮಾಡಿದ್ದನ್ನು ಹಿಂಸೆಯೇ ಅಲ್ಲವೆಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಳ್ಳದಿರಲಿ.

ಮನೆಯ ಪ್ರಶ್ನೆ

ವಿದ್ಯಾರ್ಥಿಯ ವ್ರತವನ್ನು ಪರೀಕ್ಷಿಸುವ ಮನೆತನಗಳು ತಮ್ಮನ್ನೂ ಪರೀಕ್ಷಿಸಿಕೊಳ್ಳಬೇಕು. 2001ರ ಜನಗಣತಿಯ ಪ್ರಕಾರ, ಆರು ವರ್ಷದವರೆಗಿನ 1000 ಗಂಡುಮಕ್ಕಳಿಗೆ ಇಡೀ ದೇಶದಲ್ಲಿ 927 ಹೆಣ್ಣುಮಕ್ಕಳಿದ್ದರು. ದೇಶದ ಜೈನರಲ್ಲಿ ಆ ಸಂಖ್ಯೆ 870. ಭ್ರೂಣದ ಲಿಂಗಪತ್ತೆಯನ್ನು ತಡೆಯುವ 1994ರ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಇರುವೆಗೆ ಸಕ್ಕರೆ ಹಾಕುವ, ನೀರನ್ನು ಸೋಸಿ ಕುಡಿಯುವ ಸಮಾಜದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೇಶದ ಸರಾಸರಿಗಿಂತಲೂ ಕೆಳಗಿತ್ತೆಂಬುದು ತಲೆತಗ್ಗಿಸಬೇಕಾದ ವಿಷಯ. ಹೆಣ್ಣೆಂಬ ಒಂದೇ ಕಾರಣಕ್ಕೆ ಗರ್ಭವನ್ನು ತೆಗೆಸುವುದರಲ್ಲಿ ಅಪಾಯದ ನೆವವಿಲ್ಲ, ಸಂಕಟದ ನೆವವಿಲ್ಲ. ಅದು ಶುದ್ಧ ಸಂಕಲ್ಪೀ ಹಿಂಸೆ. ವೈದ್ಯನದು ಕೃತವಾದರೆ ಕೇಳಿದ ಮನೆಯವರದು ಕಾರಿತ, ತಿಳಿದೂ ಸುಮ್ಮನಿದ್ದ ನೆಂಟರದು ಅನುಮೋದನೆ. ತರಬೇತಿ ಪಡೆದ ವಿದ್ಯಾರ್ಥಿಯು ಈ ಕೋರಿಕೆಗೆ ದೃಢವಾಗಿ ಇಲ್ಲವೆನ್ನುವುದನ್ನು ಕಾನೂನೂ ಧರ್ಮವೂ ಒಂದೇ ದನಿಯಲ್ಲಿ ಬಯಸುತ್ತವೆ. ಆಗ ಅವನ ಬೆನ್ನಿಗೆ ಮನೆಯವರು ನಿಲ್ಲಬೇಕು.

ಕೊನೆಯದಾಗಿ ನಿರಾಕರಿಸುವ ರೀತಿಯನ್ನೂ ಗಮನಿಸಬೇಕು. ಗರ್ಭಪಾತವನ್ನು ಬೇಡಿ ಬಂದವಳನ್ನು ಹೀನಾಯವಾಗಿ ನುಡಿದರೆ, ಅವಳ ಗುಟ್ಟನ್ನು ಹೊರಗೆ ಆಡಿದರೆ, ಕೈ ಶುದ್ಧವಾಗಿದ್ದರೂ ಭಾವಹಿಂಸೆ ನಡೆದುಹೋಯಿತು. ಅವಳ ಹೆಸರನ್ನು ಬಯಲು ಮಾಡಿದವರಿಗೆ 2021ರ ತಿದ್ದುಪಡಿಯು ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದೆ. ಕಾನೂನು ಶಿಕ್ಷೆಯ ಭಯದಿಂದ ಮಾಡಿಸುವ ಈ ಕೆಲಸವನ್ನು ಸಮ್ಯಗ್ದರ್ಶನದ ಉಪಗೂಹನಾಂಗವು ವಾತ್ಸಲ್ಯದಿಂದ ಮಾಡಿಸುತ್ತದೆ. ಬಿದ್ದವರನ್ನು ಎತ್ತಿ ನಿಲ್ಲಿಸುವುದು ಸ್ಥಿತಿಕರಣ. ನೂಕುವುದಕ್ಕೆ ಧರ್ಮದಲ್ಲಿ ಯಾವ ಅಂಗವನ್ನೂ ಹೇಳಿಲ್ಲ.

ಆದುದರಿಂದ ವೈದ್ಯವಿದ್ಯಾರ್ಥಿಯು ಈ ಪಾಠವನ್ನು ಪೂರ್ಣವಾಗಿ ಕಲಿಯಲಿ. ಪ್ರಾಣಾಪಾಯದಲ್ಲಿರುವ ತಾಯಿಯ ಮುಂದೆ ಹಿಂಜರಿಯದಿರಲಿ. ತನ್ನಿಂದಾಗದ ಕಾರ್ಯವನ್ನು ಮೊದಲೇ ತಿಳಿಸಿ, ಯಾರನ್ನೂ ನಡುದಾರಿಯಲ್ಲಿ ಬಿಡದೆ, ವಿನಯದಿಂದ ದೂರವಿರಲಿ. ಏನು ಬಿಡುತ್ತಿದ್ದೇನೆಂದು ತಿಳಿದು ಬಿಟ್ಟಾಗ ಮಾತ್ರ ಆ ವಿರತಿಗೆ ವ್ರತವೆಂಬ ಹೆಸರು ಒಪ್ಪುತ್ತದೆ.